ನೂರು ಸಲ ತೊಳೆದ ತುಪ್ಪ

ಹೊಳೆಯ ದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ವೈದ್ಯಗುರು ಸುಟ್ಟ ಗಾಯಕ್ಕೆ ಮುಲಾಮು ಮಾಡಿಸುತ್ತಿದ್ದರು. ತಾಮ್ರದ ತಟ್ಟೆಗೆ ತುಪ್ಪ ಹಾಕಿ, ನೀರು ಬಿಟ್ಟು, ಅಂಗೈಯಿಂದ ನಾದಿ, ಮಿಕ್ಕ ನೀರು ಚೆಲ್ಲಬೇಕು. ಹೀಗೆ ನೂರು ಸಲ. ಅಷ್ಟಾದರೆ ತುಪ್ಪ ನೀರನ್ನು ಹಿಡಿದುಕೊಂಡು ಬೆಳ್ಳಗಾಗಿ ಗಟ್ಟಿ ನಿಲ್ಲುತ್ತದೆ.

ಎಣಿಕೆಯಲ್ಲಿ ಸುಳ್ಳು ಹೇಳಿದವನಿಗೆ ಅಲ್ಲಿ ಜಾಗವಿರಲಿಲ್ಲ.

ಒಂದು ದಿನ ಮುಪ್ಪಣ್ಣ ಮಧ್ಯಾಹ್ನಕ್ಕೇ ತಟ್ಟೆ ತಂದಿಟ್ಟ. ದೋಣಿ ನಡೆಸಿಕೊಂಡಿದ್ದ ನಡುವಯಸ್ಸಿನವನು, ಆಶ್ರಮ ಸೇರಿ ಮೂರು ತಿಂಗಳಾಗಿತ್ತು.

ಹಿರಿಯ ಶಿಷ್ಯ ಸಂಕಣ್ಣನಿಗೆ ಇದೇ ಕೆಲಸಕ್ಕೆ ಸಂಜೆಯಾಗುತ್ತಿತ್ತು. ಅವನ ತಲೆಗೆ ಹುಳ ಹೊಕ್ಕಿತು.

"ಗುರುಗಳೇ, ಇವನು ಅರವತ್ತಕ್ಕೇ ಮುಗಿಸಿದ್ದಾನೆ."

"ನೋಡಿದೆಯಾ?"

"ನೋಡೋದೇನು, ಮುಖ ನೋಡಿದರೆ ಗೊತ್ತಾಗಲ್ವೇ!"

"ಪರೀಕ್ಷೆ ಮಾಡು. ತಟ್ಟೆ ಓರೆ ಮಾಡಿ ಹತ್ತು ಉಸಿರು ಎಣಿಸು, ಹರಿಯಬಾರದು. ಹೆಬ್ಬೆರಳಿಂದ ಒತ್ತಿ ಬಿಟ್ಟು ಹತ್ತು ಉಸಿರು ಎಣಿಸು, ಗುಂಡಿ ಮೇಲೆ ಬರಬೇಕು."

ಸಂಕಣ್ಣ ತಟ್ಟೆ ಓರೆ ಮಾಡಿದ. ಹರಿಯಲಿಲ್ಲ. ಒತ್ತಿದ. ಗುಂಡಿ ಮೇಲೆ ಬಂತು.

ಬಂದರೇನು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೇಲೆ ಸರಿ ಇಟ್ಟು ಅಡಿಯಲ್ಲಿ ಮೋಸ ಮಾಡಿದ್ದರೆ? ಕೆದಕಿದ. ಮತ್ತೆ ಒತ್ತಿದ. ನಡುವೆ, ಅಂಚಿನಲ್ಲಿ, ಕಲಸಿ ಇನ್ನೊಮ್ಮೆ. ಮುಪ್ಪಣ್ಣ ಎದುರಿಗೇ ನಿಂತು ನೋಡುತ್ತಿದ್ದ.

ಕೊನೆಗೆ ತಟ್ಟೆ ಓರೆ ಮಾಡಿದರೆ ಮುಲಾಮು ಸರ್ರನೆ ಅಂಚಿಗೆ ಹರಿಯಿತು.

"ಸಿಕ್ಕಿಬಿದ್ದ! ಕಳ್ಳ!"

"ನೂರು ತೊಳೆದಿದ್ದೀನಣ್ಣ," ಎಂದ ಮುಪ್ಪಣ್ಣ. "ಹುಟ್ಟು ಹಾಕಿದ ತೋಳು, ಬೇಗ ಆಯ್ತು."

"ಬಾಯಿ ಮುಚ್ಚು. ಗಂಟು ಕಟ್ಟು."

ಮುಪ್ಪಣ್ಣ ಕಣ್ಣೊರೆಸಿಕೊಂಡು ಹೊರಗೆ ಹೋದ.

ಗುರು ಕೇಳಿದರು, "ಎಷ್ಟು ಸಲ ಒತ್ತಿದೆ?"

"ನನಗೆ ಖಾತ್ರಿಯಾಗುವವರೆಗೆ."

"ಮೊದಲ ಸಲ ಗುಂಡಿ ಮೇಲೆ ಬಂತೋ?"

"ಬಂತು. ನಾನು ನಂಬಲಿಲ್ಲ."

ಗುರು ತಟ್ಟೆಗೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಟ್ಟರು. "ಎರಡು ಗಳಿಗೆ ಇದರ ತಂಟೆಗೆ ಬರಬೇಡ. ಹೋಗಿ ಹೊಳೆಯಲ್ಲಿ ಮುಳುಗಿ ಬಾ."

ಎರಡು ಗಳಿಗೆ ಕಳೆದು ಸಂಕಣ್ಣ ಬಂದು ಬಟ್ಟೆ ತೆಗೆದ. ಓರೆ ಮಾಡಿದರೆ ಮುಲಾಮು ಕದಲಲಿಲ್ಲ. ಒತ್ತಿದರೆ ಗುಂಡಿ ನಿಧಾನಕ್ಕೆ ಮೇಲೆ ಬಂತು.

ಸಂಕಣ್ಣ ಹುಬ್ಬು ಗಂಟಿಕ್ಕಿದ. "ನಾನಿಲ್ಲದಾಗ ಯಾರೂ ತಟ್ಟೆ ಬದಲಾಯಿಸಿಲ್ಲ ತಾನೇ?"

"ಇಲ್ಲಿ ಕೂತಿದ್ದವನು ನಾನೊಬ್ಬನೇ ಕಣೋ. ನೀನು ಒತ್ತಿ ಕಲಸಿ ಸಡಿಲ ಮಾಡಿದ್ದೆ, ಸುಮ್ಮನೆ ಬಿಟ್ಟದ್ದಕ್ಕೆ ಮತ್ತೆ ಗಟ್ಟಿಯಾಯಿತು."

ಅಯ್ಯೋ, ಆಗ ನಾಚಿಕೆಯಾಯಿತು ಅವನಿಗೆ! ಹೊರಗೆ ಓಡಿದ. ಮುಪ್ಪಣ್ಣ ಗಂಟು ಪಕ್ಕದಲ್ಲಿಟ್ಟುಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ.

ಸ್ವಲ್ಪ ಹೊತ್ತಿಗೆ ಸಂಕಣ್ಣ ಜೋಲುಮುಖ ಹಾಕಿಕೊಂಡು ಹಿಂತಿರುಗಿದ.

"ತಪ್ಪಾಯ್ತು ಅಂದೆ, ಕಾಲಿಗೂ ಬಿದ್ದೆ. ಹೋಗ್ತೀಯಾ, ಇರ್ತೀಯಾ ಅಂದರೆ ತುಟಿ ಬಿಚ್ಚಲ್ಲ. ನಿಜವಾಗಿ ಕ್ಷಮಿಸಿದ್ದಾನೋ ಇಲ್ಲವೋ, ಇನ್ನೊಂದು ಸಲ ಕೇಳಿ ನೋಡಲೇ?"

"ಮತ್ತೆ ಒತ್ತಬೇಡವೋ," ಎಂದರು ಗುರು. "ತುಪ್ಪಕ್ಕೆ ಎರಡು ಗಳಿಗೆ ಸಾಕಾಯಿತು. ಮನುಷ್ಯನಿಗೆ ಎಷ್ಟು ಬೇಕೋ, ದೂರ ಕೂತು ಉಸಿರು ಎಣಿಸು."