ಮಾದಮ್ಮನ ಬೆಚ್ಚನೆ ಬೂಟು

ನಗುವವರು ಹತ್ತಿರ ಬನ್ನಿ, ಚಳಿಯಾದವರು ಕಾಲು ಮಡಚಿ ಕೂತುಕೊಳ್ಳಿ.

ಊಟಿ ಬೆಟ್ಟದ ಮೇಲೆ ಪುಟ್ಟಮಾದಮ್ಮ ಅಂತ ಒಬ್ಬಳಿದ್ದಳು, ಗುಂಡ್ಲುಪೇಟೆ ಕಡೆಯವಳು. ದಿನಾ ತಣ್ಣೀರಿನ ತೊಟ್ಟಿಯಲ್ಲಿ ನಿಂತು ಕ್ಯಾರೆಟ್ ತೊಳೆಯೋ ಕೂಲಿ. ಹಿಮ್ಮಡಿ ಒಡೆದು ರಕ್ತ ಬರೋದು. ಇನ್ನೊಂದು ಚಳಿಗಾಲ ಹೀಗೇ ನಿಂತರೆ ಕಾಲೇ ಹೋಗುತ್ತೆ ಅಂತ ಹೆದರಿ, ಒಂದು ಜೊತೆ ಬೂಟು ಹೇಳಿಟ್ಟಳು. ಮೊಣಕಾಲುದ್ದ, ಒಳಗೆ ಉಣ್ಣೆ, ಹೊರಗೆ ರಬ್ಬರು. ತರೋದಕ್ಕೆ ಮಗ ಚೆಲುವನನ್ನು ಕಳಿಸಿದಳು. ಚೆಲುವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

"ಜ್ವಾಪಾನವಾಗಿ ತಂದು ಎತ್ತರದಲ್ಲಿ ಮಡಗು ಕನ್ಲಾ."

"ಆಯ್ತು ಕನವ್ವ."

ಅಂಗಡಿಯವನು ಹೇಳಿದ, "ಒಂದು ಹನಿ ಸೋರಲ್ಲ, ಒಳಗಿನ ಬಿಸಿ ಆರಲ್ಲ." ಚೆಲುವ ಅದನ್ನೇ ಬಾಯಿಪಾಠ ಮಾಡುತ್ತಾ ಬಂದ. ಮನೆಯಲ್ಲಿ ಎತ್ತರ ಅಂದರೆ ದೇವರ ಗೂಡು. ಮಾದಪ್ಪನ ಪಟದ ಪಕ್ಕ ಮಡಗಿ ಕೈಮುಗಿದ.

"ಅಯ್ಯೋ ಪೆದ್ದೇ, ಅಂಗಡಿಯಿಂದ ತಂದ್ರೆ ಹೊಸಲಾಚೆ ಬುಡಬೇಕು ಕನ್ಲಾ."

"ಆಯ್ತು ಕನವ್ವ."

ಮಾರನೇ ದಿನ ಅಂಗಡಿಯಿಂದ ಹಾಲು ತಂದ. ಹೊಸಲಾಚೆ ಬಿಟ್ಟ. ನಾಯಿ ಕುಡಿಯಿತು.

"ಒಳಗೆ ತಂದು ಒಲೆ ಮ್ಯಾಲೆ ಮಡಗಬೇಕು ಕನ್ಲಾ."

"ಆಯ್ತು ಕನವ್ವ."

ಅದರ ಮಾರನೇ ದಿನ ಬೂಟಿನೊಳಗೆ ಹಾಕೋ ಉಣ್ಣೆ ಕಾಲುಚೀಲ ತಂದ. ಒಲೆ ಮೇಲೆ ಮಡಗಿದ. ಊರೆಲ್ಲಾ ಸುಟ್ಟ ಕುರಿ ವಾಸನೆ.

ಮಾದಮ್ಮ ತಲೆ ಚಚ್ಚಿಕೊಂಡಳು. "ನಿಂಗೆ ಹೇಳಿ ಹೇಳಿ ಸಾಕಾಯ್ತು. ಯಾವುದು ಎಲ್ಲಿ ಬೆಚ್ಚಗಿರ್ತದೆ ಅಂತ ನೀನೇ ಯೋಚ್ನೆ ಮಾಡ್ಲಾ."

"ಆಯ್ತು ಕನವ್ವ."

ಅಮಾಸೆ ಕಳೆಯೋ ತನಕ ಹೊಸ ಮೆಟ್ಟು ಮೆಟ್ಟಬಾರದು ಅಂತ ಬೂಟು ಹಾಗೇ ಇತ್ತು. ಅಮಾಸೆ ಕಳೆದ ಮಾರನೇ ಬೆಳಿಗ್ಗೆ, ದಾರಿಯ ಕೆಸರು ಹೊಸ ಬೂಟಿಗೆ ತಾಗಬಾರದು ಅಂತ ಮಾದಮ್ಮ ಬರಿಗಾಲಲ್ಲೇ ಹೊರಟಳು. "ಮದ್ದಾನ ತೊಟ್ಟಿ ಹತ್ರ ಬೂಟು ತಾ, ಊಟ ತಾ. ಹುರುಳಿ ಸಾರು ಆರಬಾರ್ದು, ಒಂದು ಹನಿ ಸೋರಬಾರ್ದು."

ಮಧ್ಯಾಹ್ನ ಚೆಲುವ ಎರಡೂ ಬೂಟು ಎದೆಗವಚಿಕೊಂಡು ಬಂದ. ಕೈಯಲ್ಲಿ ಪಾತ್ರೆ ಇಲ್ಲ. ಮರಗಟ್ಟಿದ ಕಾಲಿನ ಮಾದಮ್ಮನಿಗೆ ಊಟದ ಜ್ಞಾನವೇ ಇರಲಿಲ್ಲ. ಬೂಟು ಕಸಿದುಕೊಂಡು ಬಲಗಾಲು ತುರುಕಿಯೇಬಿಟ್ಟಳು.

ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. "ಬೆಚ್ಚಗದಾ ಮಾದಮ್ಮ?"

ಮಾದಮ್ಮ ಕಣ್ಣು ಮುಚ್ಚಿಕೊಂಡಳು. ಆ ಚಳಿಗಾಲದಲ್ಲಿ ಮೊದಲ ಸಲ ಕಾಲಿಗೆ ಜೀವ ಬಂದಿತ್ತು. "ಬೆಚ್ಚಗದ ಕನವ್ವ," ಅಂದಳು. ಆಮೇಲೆ ಮೊಣಕಾಲ ಹತ್ತಿರ ಬೂಟಿನ ಬಾಯಿಂದ ಹುರುಳಿ ಸಾರು ಉಕ್ಕಿತು.

ಬೈಯೋಕೆ ಬಾಯಿ ತೆರೆದರೆ ಬಂದದ್ದು ನಗು. ನಗುತ್ತಾ ನಗುತ್ತಾ ಎಡಗಾಲೂ ಎತ್ತಿದಳು.

ಚೆಲುವ ಓಡಿ ಬಂದು ಕಾಲು ಹಿಡಿದುಕೊಂಡ. "ಅದಕ್ಕೆ ಹಾಕಬ್ಯಾಡ ಕನವ್ವ. ಅದ್ರಲ್ಲಿ ಮುದ್ದೆ ಅದ."