ಇಪ್ಪತ್ತೇಳು ಮೂಟೆ ರಾಗಿ

"ಕೇಳ್ರಪ್ಪೋ ಕೇಳಿ! ಕಲ್ಗುಂದಿಯ ಚಂಡರಾಜರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಡಂಗುರದವನು ಬಾಗಿಲ ಮುಂದೆಯೇ ಸಾರಿಕೊಂಡು ಹೋದರೂ ದೇವೀರಿ ತಲೆ ಎತ್ತಲಿಲ್ಲ. ಹನ್ನೊಂದು ತಿಂಗಳ ಹಿಂದೆ ಇದೇ ಡಂಗುರ ಅವಳಪ್ಪನನ್ನು, ಅರಮನೆಯ ಕಣಜ ನೋಡಿಕೊಳ್ಳುತ್ತಿದ್ದ ಜವರಯ್ಯನನ್ನು, ರಾಗಿ ಕಳ್ಳ ಎಂದು ಸಾರಿತ್ತು. ಮರುದಿನವೇ ಗಲ್ಲಿಗೆ ಹಾಕಿದರು. ಅವತ್ತಿನಿಂದ ಅವಳಿಗೆ ಅಳುವೂ ಇಲ್ಲ, ನಗುವೂ ಇಲ್ಲ. ಅಜ್ಜಿ ಬಡಿಸಿದ್ದನ್ನು ನುಂಗುವಳು, ಕೈ ತೊಳೆಯುವಳು, ಗೋಡೆ ನೋಡುತ್ತ ಕೂರುವಳು. ಒಳಗೆ ಏನೂ ಉಳಿದಿರಲಿಲ್ಲ, ಅಷ್ಟೆ.

ಕಣಜದ ಲೆಕ್ಕಕ್ಕೆ ಹತ್ತು ಅಂಕಿಯ ಗುಂಡಿಗಳಿದ್ದ ಒಂದು ಕ್ಯಾಲ್ಕುಲೇಟರ್ ಇತ್ತು. ರಾಜರ ಕಾಲದಲ್ಲಿ ಅದೆಲ್ಲಿಂದ ಬಂತು ಅಂತ ನನ್ನನ್ನು ಕೇಳಬೇಡಿ. ಕತೆಯಲ್ಲಿ ರಾಕ್ಷಸ ಬಂದರೆ ಸುಮ್ಮನಿರುತ್ತೀರಿ, ಇದಕ್ಕೇನು ತಕರಾರು? ಒತ್ತಿದ್ದೆಲ್ಲ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಜವರಯ್ಯ ಅದನ್ನು ಮಗಳಿಗೆ ಕಲಿಸಿದ್ದ. ಆಸೆಪಟ್ಟ ರಾಜನಿಗೂ ಕಲಿಸಿದ್ದ.

ಒಗಟು ಬಿಡಿಸಲು ಮೊದಲು ಬಂದವನು ಒಬ್ಬ ಪಾಳೇಗಾರನ ಮಗ. ಮೊದಲ ಒಗಟಿಗೇ "ಸಿಡುಬು ಬಂದವನು" ಅಂದು ತಲೆ ಕಳಕೊಂಡ. ಆಮೇಲೆ ಬಂದ ಜೋಯಿಸ ಎರಡನೆಯದಕ್ಕೆ "ಸೂರ್ಯ" ಅಂದು ಹೋದ. ಮೂರನೆಯವನು ವ್ಯಾಪಾರಿ ಗಂಗಣ್ಣ, ಮನೆಯಲ್ಲಿ ಅಂಥದೇ ಯಂತ್ರ ಇಟ್ಟುಕೊಂಡವನು. ಮೊದಲೆರಡನ್ನೂ ಪಟಪಟನೆ ಬಿಡಿಸಿದ. ಮೂರನೆಯದಕ್ಕೆ "ಜವರಯ್ಯನ ಮಗಳು ಬಚ್ಚಿಟ್ಟಿದ್ದಾಳೆ" ಎಂದ. ಆಳುಗಳು ಬಂದು ದೇವೀರಿಯ ಮನೆಯ ಒಲೆಯನ್ನೂ ಬಿಡದೆ ಅಗೆದರು. ಹಿಡಿ ರಾಗಿಯೂ ಸಿಗಲಿಲ್ಲ. ಗಂಗಣ್ಣನ ತಲೆಯೂ ಹೋಯಿತು.

ಅಗೆದ ಒಲೆಯ ಮುಂದೆ ಅಜ್ಜಿ ಅಳುತ್ತ ಕೂತಳು. ದೇವೀರಿ ಎದ್ದು ನಿಂತಳು.

"ಎಲ್ಲಿಗೇ ಹೊರಟೆ?"

"ಅರಮನೆಗೆ."

"ಅಯ್ಯೋ ನನ್ನವ್ವ, ನೀನೂ ಹೋದರೆ ನನಗ್ಯಾರೇ ದಿಕ್ಕು?"

"ಅಪ್ಪನನ್ನು ಕಳ್ಳ ಅಂದರು, ಈಗ ನನ್ನನ್ನೂ ಅಂದರು. ಹೀಗೆ ಇದ್ದು ತಾನೆ ಏನು ಮಾಡುವುದು ಅಜ್ಜಿ?" ಧ್ವನಿಯಲ್ಲಿ ಕೋಪವೂ ಇರಲಿಲ್ಲ.

ರಾಜ ಸಿಂಹಾಸನದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ. ಬಲಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಹರಳಿನ ಉಂಗುರ.

"ಹತ್ತು ಜನ ಒಂದೇ ಜಗಲಿಯಲ್ಲಿದ್ದಾರೆ. ಒಬ್ಬನ ಮೈಮೇಲೆ ಮಾತ್ರ ಸಣ್ಣ ಗುಳ್ಳೆ. ಅವನನ್ನು ಮುಟ್ಟಿದರೆ ಕುರುಡನಿಗೂ ಉಳಿದ ಒಂಬತ್ತು ಜನರ ಜಾಗ ತಿಳಿಯುತ್ತದೆ. ಯಾರವನು?"

"ಐದರ ಗುಂಡಿ, ಬುದ್ಧಿ. ನಡುಬೆರಳು ಆ ಗುಳ್ಳೆಯ ಮೇಲೆ ಕೂತರೆ ಮಿಕ್ಕ ಗುಂಡಿಗಳನ್ನು ನೋಡಬೇಕಾಗಿಲ್ಲ."

"ಒಂದೇ ಬೆಟ್ಟವನ್ನು ಒಂದು ಸಲ ಇಳಿಯಬೇಕು, ಒಂದು ಸಲ ಹತ್ತಬೇಕು. ಎರಡು ಸಲವೂ ಒಂದೇ ಊರು ಸಿಕ್ಕಿದರೆ ಮಾತ್ರ ಮನೆಗೆ ಹೋಗಬಹುದು. ಏನದು?"

"ಕೂಡುವ ಲೆಕ್ಕ. ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಒತ್ತಬೇಕು. ಎರಡು ಮೊತ್ತವೂ ಒಂದೇ ಬಂದರೆ ಎದ್ದು ಹೋಗಬಹುದು."

ರಾಜ ಮುಂದಕ್ಕೆ ಬಾಗಿದ. "ನನ್ನ ಕಣಜದ ಇಪ್ಪತ್ತೇಳು ಮೂಟೆ ರಾಗಿ ಮಾಯವಾಯಿತು. ಬೀಗ ಮುರಿದಿಲ್ಲ, ಗಾಡಿ ಬಂದಿಲ್ಲ, ಇಲಿ ತಿಂದಿಲ್ಲ. ಎಲ್ಲಿ ಹೋಯಿತು?"

ಒಗಟು ಹಾಕಿದವನಿಗೇ ಉತ್ತರ ಗೊತ್ತಿಲ್ಲ ನೋಡಿ! ಜವರಯ್ಯನನ್ನು ಗಲ್ಲಿಗೇರಿಸಿದ್ದಾಯಿತು, ರಾಗಿ ಮಾತ್ರ ಸಿಗಲಿಲ್ಲ, ರಾಜನಿಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಷ್ಟೆಲ್ಲ.

ಎಷ್ಟು ಮೂಟೆ ಎಂಬುದು ದೇವೀರಿಯ ಕಿವಿಗೆ ಬಿದ್ದದ್ದು ಅದೇ ಮೊದಲು. ಡಂಗುರದವನು ಕಳ್ಳ ಅಂದಿದ್ದನೇ ಹೊರತು ಎಣಿಕೆ ಹೇಳಿರಲಿಲ್ಲ.

"ಬುದ್ಧಿ, ಮೂಟೆ ಕಡಿಮೆ ಬಂದ ದಿನದ ಕಡತ ತರಿಸಿ. ಸುರುಳಿ, ಯಂತ್ರ ಎರಡೂ ಬೇಕು. ಗುಮಾಸ್ತರು ಓದಲಿ, ನಾನು ಒತ್ತುತ್ತೇನೆ."

ಗುಮಾಸ್ತ ಊರೂರಿನ ಮೂಟೆಗಳ ಲೆಕ್ಕ ಓದಿದ. ಅವಳ ಬೆರಳು ಟಕಟಕ ಓಡಿತು. ಕಣ್ಣು ಒಂದು ಸಲವೂ ಗುಂಡಿಗಳ ಮೇಲೆ ಬೀಳಲಿಲ್ಲ, ರಾಜನ ಮುಖದ ಮೇಲೇ ಇತ್ತು. ಮೇಲಿನಿಂದ ಇಳಿದಳು, ಕೆಳಗಿನಿಂದ ಹತ್ತಿದಳು. ಎರಡು ಮೊತ್ತವೂ ಒಂದೇ. ಆವತ್ತು ಕಣಜದಲ್ಲಿ ಎಣಿಸಿದ್ದ ಮೂಟೆಯೂ ಅಷ್ಟೇ. ಹಳೆಯ ಸುರುಳಿಯಲ್ಲಿ ಮಾತ್ರ ಇಪ್ಪತ್ತೇಳು ಹೆಚ್ಚಿತ್ತು. ಗುಮಾಸ್ತ ಸಾಲುಸಾಲಾಗಿ ತಾಳೆ ನೋಡಿ, ಒಂದು ಸಾಲಿನಲ್ಲಿ ಬೆರಳಿಟ್ಟು ತೋರಿಸಿದ. ಕಡತದಲ್ಲಿ ಮೂವತ್ತಾರು. ಸುರುಳಿಯಲ್ಲಿ ಅರವತ್ತಮೂರು.

"ಯಾರೂ ಕದ್ದಿಲ್ಲ ಬುದ್ಧಿ, ಆ ಮೂಟೆಗಳು ಇರಲೇ ಇಲ್ಲ," ಎಂದಳು ದೇವೀರಿ. "ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಒಂಬತ್ತು ಮೂರ್ಲ ಇಪ್ಪತ್ತೇಳು. ಅಪ್ಪ ಕಲಿಸಿದ್ದು ಇದನ್ನೇ. ಮೂರೂ ಆರೂ ಒಂದರ ಮೇಲೊಂದಿವೆ, ಎರಡನ್ನೂ ಒತ್ತುವುದು ಉಂಗುರದ ಬೆರಳು. ಆ ಬೆರಳಿಗೆ ಭಾರವಿದ್ದರೆ ಹಿಂದುಮುಂದಾಗುತ್ತದೆ. ಆವತ್ತು ಯಂತ್ರದ ಮುಂದೆ ಕೂತವರು ಯಾರು?"

ಅವಳ ತಲೆ ಉರುಳಿಸಲು ರಾಜನಿಗೆ ಒಂದು ಮಾತು ಸಾಕಿತ್ತು.

"ನಾನೇ," ಎಂದ ರಾಜ. "ಉಂಗುರ ತೆಗೆದಿಟ್ಟು ಕೂರಿ ಅನ್ನುತ್ತಿದ್ದ ನಿಮ್ಮಪ್ಪ. ನಾನು ತೆಗೆಯಲಿಲ್ಲ. ಇನ್ನೊಂದು ಸಲ ಒತ್ತಿ ನೋಡಿ ಅಂತ ಕಾಲು ಹಿಡಿದ. ಅರಸನ ಲೆಕ್ಕ ತಿದ್ದುತ್ತೀಯಾ ಅಂದೆ." ಸುರುಳಿಯ ಆ ಸಾಲನ್ನು ತಾನೇ ಓದಿಕೊಂಡ. "ಏನು ಬೇಕೋ ಕೇಳಮ್ಮ. ಅರ್ಧ ರಾಜ್ಯ ಕೇಳು."

"ನನಗೆ ಅದೇನೂ ಬೇಡ. ಆ ಡಂಗುರವನ್ನು ನೀವೇ ಕೊರಳಿಗೆ ಹಾಕಿಕೊಂಡು, ಬೀದಿ ಬೀದಿ ತಿರುಗಿ, ಆದದ್ದನ್ನು ಸಾರಿ."

ಮಂತ್ರಿ "ಛೀ, ಎಂಥ ಮಾತು!" ಎಂದು ಹಾರಿಬಿದ್ದ. ರಾಜ ಉಂಗುರ ಕಳಚಿ ಯಂತ್ರದ ಪಕ್ಕ ಇಟ್ಟು, ಸಿಂಹಾಸನದಿಂದ ಇಳಿದ.

ಸಂಜೆ ಅಜ್ಜಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದ್ದಳು. ದೇವೀರಿ ತಟ್ಟೆಯ ಮುಂದೆ ಕೂತಾಗ ಡಂಗುರ ಬಾಗಿಲಿಗೆ ಬಂತು. "ಕೇಳ್ರಪ್ಪೋ ಕೇಳಿ! ಜವರಯ್ಯ ಕಳ್ಳನಲ್ಲ! ತಪ್ಪು ಒತ್ತಿದವನು ನಾನು, ಚಂಡರಾಜ!" ಹೇಳಿ ಹೇಳಿ ರಾಜನ ಧ್ವನಿ ಬಿದ್ದುಹೋಗಿತ್ತು. ಡಂಗುರ ದೂರವಾಗುವತನಕ ಅವಳು ಕೇಳಿಸಿಕೊಂಡಳು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ತಲೆ ಎತ್ತಿದಳು.

"ಅಜ್ಜಿ, ಸಾರಿಗೆ ಉಪ್ಪೇ ಹಾಕಿಲ್ಲವಲ್ಲ?"

"ಹನ್ನೊಂದು ತಿಂಗಳಿಂದ ಹಾಕಿಲ್ಲ ಕಣವ್ವ," ಎಂದಳು ಅಜ್ಜಿ. "ನೀನು ಯಾವತ್ತು ಕೇಳುತ್ತೀಯೋ ಅಂತ ಕಾಯುತ್ತಿದ್ದೆ."

ದೇವೀರಿ ತಟ್ಟೆ ಸರಿಸಿ, "ಅಪ್ಪಾ" ಎಂದು ಜೋರಾಗಿ ಅತ್ತಳು. ಅಜ್ಜಿ ಅವಳ ಅಳು ಮುಗಿಯುವವರೆಗೂ ಕಾದು, ಉಪ್ಪು ತಂದು ಬಡಿಸಿದಳು.