ಮುತ್ತಜ್ಜನ ಅಳತೆಗೋಲು

"ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಅಮ್ಮಣ್ಣಿ ನಾಗಲಾಂಬೆಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯನ್ನೇ ಕೊಟ್ಟು ಮದುವೆ, ಮೇಲೆ ಬೇಡಿದ ಬಹುಮಾನ! ತಪ್ಪು ಹೇಳಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ! ಯಾರೂ ಬಿಡಿಸದಿದ್ದರೆ ಅರಮನೆಯ ಸೈಕಲ್ ರಿಪೇರಿ ಕಾಟಯ್ಯನ ತಲೆಯೂ ಅವತ್ತೇ ಹೋಗುತ್ತದೆ!"

ಡಂಗುರ ಕೇಳಿ, ಹುಣಸೆಮರದ ಕೆಳಗೆ ಪಂಕ್ಚರ್ ಹಾಕುತ್ತಿದ್ದ ಪಾಲಯ್ಯನ ಕೈಯಿಂದ ತಿರುಪು ಬಿಚ್ಚುವ ಪಾನಾ ಜಾರಿ ಬಿತ್ತು. ಕಾಟಯ್ಯ ಅವನ ಸೋದರಮಾವ, ಕಸುಬು ಕಲಿಸಿದ ಗುರು. ಮಾವನ ತಪ್ಪೇನೂ ಇರಲಿಲ್ಲ. ತಪ್ಪು ಮಾಡಿದವನು ಪಾಲಯ್ಯನೇ.

ಏನು ತಪ್ಪು ಅಂತೀರಾ? ಹುಲಿಗುಡ್ಡ ಅಂದರೆ ಬರೀ ಬಂಡೆಯ ರಾಜ್ಯ. ಕುದುರೆಯ ಗೊರಸು ನಿಲ್ಲದ ಕಡೆ ದೊರೆಗಳೂ ಸೈಕಲ್ಲನ್ನೇ ತುಳಿಯಬೇಕು. ಈಗಿನ ದೊರೆಯ ಮುತ್ತಜ್ಜ ಏಳಡಿ ಆಳು. ಅವನ ಮೈಗೆ ಹೊಂದುವ ಹಾಗೆ ಒಂದು ಹಿತ್ತಾಳೆಯ ಅಳತೆಗೋಲು ಮಾಡಿಸಿಟ್ಟಿದ್ದರು. ಸೀಟು ಎದೆಮಟ್ಟ, ಟೈರು ಕಲ್ಲಿನಷ್ಟು ಗಟ್ಟಿ. ಅರಮನೆಯ ಸೈಕಲ್ಲಿಗೆಲ್ಲ ಅದೇ ಅಳತೆ, ಒಂದು ತಿರುಪು ಕದಲಿಸಿದರೂ ತಲೆ ಹಾರುತ್ತಿತ್ತು. ಪಾಪ, ಅಮ್ಮಣ್ಣಿ ಆ ಸೀಟಿನ ತುದಿಯಲ್ಲಿ ಸೆಟೆದು ಕೂತು, ಎರಡೂ ಬ್ರೇಕು ಬಿಗಿಹಿಡಿದು, ಕಣ್ಣುಮುಚ್ಚಿ ಬೆಟ್ಟ ಇಳಿಯುತ್ತಿದ್ದಳು. ತಿಂಗಳಿಗೆರಡು ಸಲ ಬೀಳುತ್ತಿದ್ದಳು. "ಹುಟ್ಟಾ ಪುಕ್ಕಲಿ" ಅಂತ ಅರಮನೆಗೆ ಅರಮನೆಯೇ ನಗುತ್ತಿತ್ತು.

ಹೋದ ತಿಂಗಳು, ಮಾವನಿಗೆ ಕೈತುಂಬ ಕೆಲಸವಿದ್ದ ದಿನ, ಕಾವಲುಗಾರನೊಬ್ಬ ಅಮ್ಮಣ್ಣಿಯ ಸೈಕಲ್ಲನ್ನು ಪಂಕ್ಚರಿಗೆ ಪಾಲಯ್ಯನ ಹತ್ತಿರ ತಂದ. ಹ್ಯಾಂಡಲ್ಲಿನ ಮೇಲಿನ ರಕ್ತದ ಕಲೆ ನೋಡಿ ಪಾಲಯ್ಯನಿಗೆ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಸೀಟು ಒಂದು ಗೇಣು ಇಳಿಸಿದ, ಹೆಬ್ಬೆರಳಿಗೆ ತುಸು ಬಗ್ಗುವ ಹಾಗೆ ಟೈರಿನ ಗಾಳಿ ಬಿಟ್ಟ. ಮಾರನೆಯ ದಿನ ಊರೆಲ್ಲ ಬಾಯಿ ತೆರೆದು ನಿಂತಿತು. ಅಮ್ಮಣ್ಣಿ ಮೊಣಕಾಲು ಬಗ್ಗಿಸಿ, ಸೊಂಟ ಹಿಂದಕ್ಕೆ ಸರಿಸಿ, ಕಣ್ಣು ಬಿಟ್ಟುಕೊಂಡು ಬಂಡೆಯಿಂದ ಬಂಡೆಗೆ ಇಳಿದು ಬರುತ್ತಿದ್ದಳು! ತಿರುವಿನಲ್ಲಿ ಅವಳು ಹಾಕಿದ ಕೇಕೆ ಪೇಟೆಯವರೆಗೆ ಕೇಳಿಸಿತು. ಅಬ್ಬಬ್ಬಾ, ಪಾಲಯ್ಯನಿಗೆ ಕೈಮುಗಿಯಬೇಕು ಅನ್ನಿಸಿತು.

ದೊರೆಗೆ ಮಾತ್ರ ಮಗಳಿಗೆ ದೆವ್ವ ಮೆಟ್ಟಿತೆಂಬ ಭಯ. ಅಳತೆಗೋಲು ಹಿಡಿಸಿದ, ತಿರುಪು ಕದಲಿದ್ದು ಗೊತ್ತಾಯಿತು, ಕಾಟಯ್ಯ ಸೆರೆಮನೆ ಸೇರಿದ. "ಕಾಟಯ್ಯ ತಾನಲ್ಲ ಅನ್ನುತ್ತಾನೆ. ಮಾಡಿದವನು ಯಾರೋ, ಅವನೇ ನನ್ನ ಒಗಟು ಬಿಡಿಸುತ್ತಾನೆ" ಅಂತ ಅಮ್ಮಣ್ಣಿ ಹಟ ಹಿಡಿದಳು. ಅದಕ್ಕೇ ದೊರೆ ಈ ಡಂಗುರ ಹೊಡೆಸಿದ್ದ.

ಪಾಲಯ್ಯ ಎಣ್ಣೆ ಕೈಯಲ್ಲೇ ಆಸ್ಥಾನಕ್ಕೆ ಹೋದ. ಅವನ ಮುಂದೆ ಇಬ್ಬರು ರಾಜಕುಮಾರರು ನಿಂತಿದ್ದರು.

"ಹೊಟ್ಟೆ ಬಿರಿಯುವಷ್ಟು ತುಂಬಿದರೆ ಬಂಡೆಯ ಮೇಲೆ ಜಾರುತ್ತದೆ, ಕೊಂಚ ಹಸಿದಿದ್ದರೆ ಬಂಡೆಯನ್ನೇ ತಬ್ಬಿ ಹಿಡಿಯುತ್ತದೆ. ಯಾವುದದು?" ಅಂದಳು ಅಮ್ಮಣ್ಣಿ.

"ಉಡ!" ಅಂದ ಮೊದಲನೆಯವನು. ಅವನನ್ನು ಎಳೆದುಕೊಂಡು ಹೋದರು.

ಎರಡನೆಯವನಿಗೆ ಎರಡನೆಯ ಒಗಟು ಹಾಕಿದಳು. "ಸಿಂಹಾಸನ ತಗ್ಗಿದಷ್ಟೂ ಕೂತವರ ಧೈರ್ಯ ಏರುತ್ತದೆ. ಯಾವ ಸಿಂಹಾಸನ?"

"ಸಿಂಹಾಸನ ತಗ್ಗಿದರೆ ಮಾನ ಹೋಗುತ್ತದೆ, ಧೈರ್ಯ ಎಲ್ಲಿಂದ? ಅಂಥದ್ದು ಇಲ್ಲವೇ ಇಲ್ಲ!" ಅಂದ ಎರಡನೆಯವನು. ಅವನೂ ಹೋದ.

ಪಾಲಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಪ್ಪು ಹೇಳಿದರೆ ತಲೆ ಹೋಗುತ್ತದೆ, ಸರಿ ಹೇಳಿದರೆ ತಿರುಪು ಕದಲಿಸಿದವನು ನಾನೇ ಅಂತ ಒಪ್ಪಿಕೊಂಡ ಹಾಗೆ. ಮಾವನ ಮುಖ ನೆನೆದು ಮುಂದೆ ಬಂದ.

"ಮೊದಲನೆಯದು ಟೈರು, ಅಮ್ಮಣ್ಣಿ. ಗಟ್ಟಿ ಗಾಳಿ ತುಂಬಿದರೆ ಕಲ್ಲಿಗೆ ಕಲ್ಲು ತಾಗಿದ ಹಾಗೆ ಪುಟಿಯುತ್ತದೆ. ತುಸು ಗಾಳಿ ಬಿಟ್ಟರೆ ಬಂಡೆಗೆ ಅಂಟಿಕೊಳ್ಳುತ್ತದೆ. ಎರಡನೆಯದು ಸೀಟು. ಅದು ತಗ್ಗಿದರೆ ಇಳಿಜಾರಿನಲ್ಲಿ ಮೈ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ, ಮುಗ್ಗರಿಸುವ ಭಯ ಹೋಗುತ್ತದೆ."

ಅಮ್ಮಣ್ಣಿ ಎದ್ದು ನಿಂತಳು. ಮೂರನೆಯದನ್ನು ಕೇಳಿದಳು. "ಬೆಟ್ಟ ಅದೇ, ದಾರಿ ಅದೇ. ನಿನ್ನೆ ಇಳಿದವಳು ಪುಕ್ಕಲಿ, ಇವತ್ತು ಇಳಿದವಳು ಹುಲಿ. ಈ ಹುಲಿ ಎಲ್ಲಿಂದ ಬಂದಳು?"

"ಎಲ್ಲಿಂದಲೂ ಬರಲಿಲ್ಲ ಅಮ್ಮಣ್ಣಿ. ಮೊದಲಿನಿಂದ ಅಲ್ಲೇ ಇದ್ದಳು. ಮೈ ನಿಮ್ಮದು, ಅಳತೆ ಮುತ್ತಜ್ಜನದು. ಅದಕ್ಕೇ ಅವಳು ಕಾಣಿಸಿರಲಿಲ್ಲ."

"ತಿರುಪು ಕದಲಿಸಿದವನು ನೀನೇನೋ?" ಅಂದ ದೊರೆ.

"ನಾನೇ ಬುದ್ಧಿ. ಮಾವನನ್ನು ಬಿಡಿ, ನನ್ನ ತಲೆ ತೆಗೆಸಿ."

"ಅಪ್ಪಾಜಿ, ತಲೆ ಆಮೇಲೆ ತೆಗೆಸುವಿರಂತೆ. ಮೊದಲು ನಿಮ್ಮ ಸೈಕಲ್ಲು ಅವನ ಕೈಗೆ ಕೊಡಿ" ಅಂದಳು ಮಗಳು.

ದೊರೆ ಒಮ್ಮೆ ಬಿದ್ದು, ಇಪ್ಪತ್ತು ವರ್ಷದಿಂದ ಬೆಟ್ಟದ ಕಡೆ ತಲೆ ಹಾಕಿರಲಿಲ್ಲ. ಮಗಳ ಮಾತಿಗೆ ಮಣಿದು ಬೆಟ್ಟ ಹತ್ತಿದ. ಪಾಲಯ್ಯ ತುದಿಯಲ್ಲಿ ಅವನ ಸೀಟು ಇಳಿಸಿದ, ಗಾಳಿ ಬಿಟ್ಟ. ದೊರೆ ಹೊರಟ. ಮೊದಲು ಮೆಲ್ಲಗೆ, ಆಮೇಲೆ ಕೈ ಸಡಿಲಾಯಿತು, ಮೊಣಕಾಲು ತಾವಾಗಿಯೇ ಬಗ್ಗಿದವು. ಬಿಳಿಗಡ್ಡದ ಮನುಷ್ಯ ಹದಿನಾರರ ಹುಡುಗನ ಹಾಗೆ ಇಳಿದು ಹೋದ. ಮಿಕ್ಕವರೆಲ್ಲ ಹಿಂದೆಯೇ ಓಡಿ ಇಳಿದರು.

ಕೆಳಗೆ ಸೈಕಲ್ ನಿಲ್ಲಿಸಿ ದೊರೆ ಟೈರು ಸವರಿದ. ಅವನ ಕಣ್ಣು ಒದ್ದೆಯಾಗಿತ್ತು. "ಇಪ್ಪತ್ತು ವರ್ಷ ನಾನೂ ಪುಕ್ಕಲ ಅಂದುಕೊಂಡುಬಿಟ್ಟಿದ್ದೆನಲ್ಲೋ ಪಾಲಯ್ಯ" ಅಂದ.

ಮಂತ್ರಿ ಕೆಮ್ಮಿದ. "ಕಟ್ಟಳೆ ಪ್ರಕಾರ ಈಗ ಬುದ್ಧಿಯವರ ಸೈಕಲ್ಲಿನ ತಿರುಪೂ ಕದಲಿದೆ..."

"ಹಾಗಾದರೆ ಆ ಗೋಲಿಗೇ ತಲೆದಂಡ ಹಾಕಿ!" ಅಂದ ದೊರೆ.

ಕಾಟಯ್ಯ ಬಿಡುಗಡೆಯಾದ, ರಾಜಕುಮಾರರು ತಲೆ ಉಳಿಸಿಕೊಂಡು ಊರಿಗೆ ಓಡಿದರು. ಪಾಲಯ್ಯನಿಗೂ ಅಮ್ಮಣ್ಣಿಗೂ ಮದುವೆಯಾಯಿತು. ಬಹುಮಾನ ಏನು ಬೇಕೆಂದರೆ ಅವನು ಮುರಿದ ಅಳತೆಗೋಲನ್ನು ಕೇಳಿ ತಗೊಂಡ, ತಟ್ಟಿಸಿ ಟೈರು ಬಿಚ್ಚುವ ಪಟ್ಟಿ ಮಾಡಿಸಿಕೊಂಡ. ಅವರು ಅಲ್ಲಿ ಬೆಟ್ಟ ಇಳಿಯುತ್ತಿರಲಿ, ನಾವು ಇಲ್ಲಿ ನಮ್ಮ ನಮ್ಮ ಸೀಟು ನೋಡಿಕೊಳ್ಳೋಣ.